ಇನ್ನೂ ಬಿತ್ತುತ್ತಿರುವ ಹಳೆಯ ಹೊಲಗಳು

ರೈಲಿನ ಕಿಟಕಿಯಿಂದ ಕಾಣುವ ಇಂಗ್ಲೆಂಡಿನ ಹಳ್ಳಿಗಾಡು ಬಲು ಪುರಾತನವಾಗಿ ತೋರುತ್ತದೆ. ಪೊದೆಬೇಲಿಗಳ ನಡುವೆ ಅಚ್ಚುಕಟ್ಟಾದ ಹೊಲಗಳು, ಮೂಲೆಯಲ್ಲೊಂದು ಓಕ್ ಮರ, ದೂರದಲ್ಲಿ ಚರ್ಚಿನ ಗೋಪುರ. ಆದರೆ ಮಧ್ಯ ಇಂಗ್ಲೆಂಡಿನ ಆ ನೇರ ಬೇಲಿಗಳಲ್ಲಿ ಹೆಚ್ಚಿನವು 1750ರಿಂದ 1850ರ ನಡುವೆ ಎದ್ದಂಥವು. ಊರಿನ ಬಯಲು ಹೊಲಗಳನ್ನೂ ಗೋಮಾಳಗಳನ್ನೂ ಖಾಸಗಿ ಹಿಡುವಳಿಗಳಾಗಿ ಒಡೆಯಲು ಸಂಸತ್ತು ಒಂದರ ಹಿಂದೊಂದು ಹೊರಡಿಸಿದ ಸಾವಿರಾರು ಕಾಯಿದೆಗಳು ಅವನ್ನು ನೆಡಿಸಿದವು. ಅದಕ್ಕೂ ಹಿಂದಿನ ಹೊಲ ಹೇಗಿತ್ತೆಂದು ಪುಸ್ತಕದಲ್ಲಿ ಓದಬಹುದು. ನನಗೆ ನೋಡಬೇಕಾಗಿದ್ದುದು ಹಳೆಯ ಕ್ರಮದಲ್ಲಿ ಇಂದಿಗೂ ಗೋಧಿ ಬಿತ್ತುತ್ತಿರುವ ನೆಲ, ಮತ್ತು ಅದು ಅಳಿಯದೆ ಉಳಿದದ್ದು ಏಕೆ ಎಂಬುದು. ಆಗಸ್ಟ್‌ನಲ್ಲಿ, ಸರಿಯಾಗಿ ಅಲ್ಲಿನ ಸುಗ್ಗಿಯ ಹೊತ್ತಿಗೆ, ರೆಡಿಂಗ್‌ನಲ್ಲಿ ನೌಕರಿ ಮಾಡುವ ಅಕ್ಕನ ಮಗನಿಗೆ ರಜೆ ಸಿಕ್ಕಿತು. ಕಾರು ಅವನದು, ದಾರಿ ನನ್ನದು ಎಂದು ಒಪ್ಪಂದವಾಯಿತು.

ಸೋಮವಾರ: ಬಟ್ಸರ್

ರೆಡಿಂಗ್‌ನಿಂದ ದಕ್ಷಿಣಕ್ಕೆ ಇಳಿದು ಪೀಟರ್ಸ್‌ಫೀಲ್ಡ್ ದಾಟುತ್ತಿದ್ದಂತೆ ಸೀಮೆಸುಣ್ಣದ ಗುಡ್ಡಗಳು ಶುರುವಾಗುತ್ತವೆ. ಕೊಯ್ಲು ಮುಗಿದ ಹೊಲಗಳಲ್ಲಿ ಮಣ್ಣಿನ ಪದರು ಎಷ್ಟು ತೆಳುವಾಗಿತ್ತೆಂದರೆ, ಕೂಳೆಯ ನಡುವೆ ಬಿಳಿಯ ಸುಣ್ಣದ ಹೆಂಟೆಗಳು ಎದ್ದು ಕಾಣುತ್ತಿದ್ದವು. ಯುರೋಪಿನ ಮುಖ್ಯಭೂಮಿಯಿಂದ ಗೋಧಿ ಮತ್ತು ಬಾರ್ಲಿ ಈ ದ್ವೀಪಕ್ಕೆ ಬಂದು ಸುಮಾರು 6000 ವರ್ಷಗಳಾದವು. ಮರದ ನೇಗಿಲಿಗೆ ಸುಲಭವಾಗಿ ಬಗ್ಗುವ ಇಂಥ ಹಗುರ ಮಣ್ಣು ಹಿಂದಿನ ರೈತರಿಗೆ ಅನುಕೂಲವಾಗಿತ್ತು.

ಬಟ್ಸರ್ ಪ್ರಾಚೀನ ಕೃಷಿಕೇಂದ್ರವನ್ನು 1972ರಲ್ಲಿ ಆರಂಭಿಸಿ ಬೆಳೆಸಿದವರು ಪೀಟರ್ ರೆನಾಲ್ಡ್ಸ್ ಎಂಬ ಪುರಾತತ್ತ್ವಜ್ಞ. ಉತ್ಖನನದಲ್ಲಿ ಸಿಕ್ಕ ಕರಕಲು ಕಾಳು ಮತ್ತು ಕಂಬದ ಕುಳಿಗಳನ್ನು ಆಧರಿಸಿ ಬರೇ ಊಹೆ ಕಟ್ಟುವ ಬದಲು, ಕಬ್ಬಿಣಯುಗದ ರೈತನಂತೆ ನಿಜವಾಗಿಯೂ ಬಿತ್ತಿ, ಬೆಳೆದು, ಕೂಡಿಟ್ಟು ನೋಡೋಣ ಎಂಬುದು ಅವರ ಹಟ. ನಾವು ಹೋದಾಗ ಹುಲ್ಲು ಹೊದಿಸಿದ ದುಂಡು ಮನೆಗಳ ಆಚೆ ಎಮ್ಮರ್ ಗೋಧಿಯ ಮಡಿಯೊಂದು ಕೊಯ್ಲಿಗೆ ಕಾದು ನಿಂತಿತ್ತು. ಅಲ್ಲಿನ ಸ್ವಯಂಸೇವಕಿಯೊಬ್ಬರು ಒಂದು ತೆನೆ ಮುರಿದು ಕೈಗಿಟ್ಟರು. ಅಂಗೈಯಲ್ಲಿ ಹಾಕಿ ಉಜ್ಜಿದೆ. ಉದ್ದನೆಯ ಸುಂಕು ಮುರಿದು ಉದುರಿತೇ ಹೊರತು ಕಾಳು ಹೊರಬೀಳಲಿಲ್ಲ. ಗಟ್ಟಿ ಸಿಪ್ಪೆಯೊಳಗೆ ಎರಡೆರಡು ಕಾಳು ಬೆನ್ನಿಗೆ ಬೆನ್ನು ತಾಗಿಸಿಕೊಂಡು ಕುಳಿತಿದ್ದವು. ಉಗುರಿನಿಂದ ಸಿಪ್ಪೆ ಬಿಡಿಸಿದ ಮೇಲೆ ಕೆಂಪನೆಯ, ಉದ್ದನೆಯ ಕಾಳು ಕಂಡಿತು. ಉತ್ತರ ಕರ್ನಾಟಕದವರಿಗೆ ಈ ಕಾಳಿನ ಪರಿಚಯ ಹೇಳಬೇಕಾಗಿಲ್ಲ. ಹುಗ್ಗಿಗೂ ಮಾದಲಿಗೂ ನಾವು ಹುಡುಕಿ ತರುವ ಜವೆಗೋಧಿ ಇದೇ ಜಾತಿಯದು. ಬ್ರಿಟನ್ನಿನಲ್ಲಿ ಅದು ಪ್ರಯೋಗದ ಮಡಿಗೆ ಸೇರಿ ಎಷ್ಟೋ ಕಾಲವಾಯಿತು. ಬೆಳಗಾವಿ, ಬಾಗಲಕೋಟೆ, ಧಾರವಾಡದ ಕಡೆ ಅದು ಇನ್ನೂ ಮಾರುಕಟ್ಟೆಯ ಬೆಳೆ ಎಂದು ಹೇಳಿದಾಗ ಆಕೆ ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಊರುಗಳ ಹೆಸರು ಬರೆದುಕೊಂಡರು.

ನಾನು ಹೆಚ್ಚು ಹೊತ್ತು ನಿಂತದ್ದು ಧಾನ್ಯದ ಗುಂಡಿಯ ಬಳಿ. ಇದೇ ಹ್ಯಾಂಪ್‌ಶೈರ್‌ನ ಡೇನ್‌ಬರಿ ಎಂಬ ಗುಡ್ಡದ ಕೋಟೆಯಲ್ಲಿ ಬ್ಯಾರಿ ಕನ್ಲಿಫ್ 1969ರಿಂದ 1988ರವರೆಗೆ ಉತ್ಖನನ ನಡೆಸಿದಾಗ ಸುಣ್ಣದ ಕಲ್ಲಿನಲ್ಲಿ ಕೊರೆದ ಸಾವಿರಾರು ಗುಂಡಿಗಳು ಸಿಕ್ಕವು. ಮಳೆ ಬಿಡದೆ ಸುರಿಯುವ ಈ ನಾಡಿನಲ್ಲಿ ನೆಲದೊಳಗೆ ಕಾಳು ಕೊಳೆಯದೆ ಉಳಿದೀತೇ ಎಂಬ ಸಂಶಯ ವಿದ್ವಾಂಸರಿಗೂ ಇತ್ತು. ರೆನಾಲ್ಡ್ಸ್ ಗುಂಡಿ ತುಂಬಿಸಿ, ಬಾಯಿಗೆ ಜೇಡಿಮಣ್ಣು ಮೆತ್ತಿ, ಚಳಿಗಾಲ ಕಳೆದ ಮೇಲೆ ತೆರೆದು ನೋಡಿದರು. ಗೋಡೆಗೆ ತಾಗಿದ ಕಾಳು ತೇವಕ್ಕೆ ಮೊಳೆತು, ಒಳಗಿದ್ದ ಆಮ್ಲಜನಕವನ್ನು ಬಳಸಿ ಮುಗಿಸಿ, ಇಂಗಾಲದ ಡೈ ಆಕ್ಸೈಡ್ ತುಂಬಿಸಿಬಿಟ್ಟಿತ್ತು. ಆ ಗಾಳಿಯಲ್ಲಿ ಹುಳವೂ ಬದುಕದು, ಮೊಳಕೆಯೂ ಮುಂದುವರಿಯದು. ಹೊರಗಿನ ಪದರು ಕೆಟ್ಟರೂ ನಡುವಿನ ರಾಶಿ ಬಿತ್ತನೆಗೂ ಯೋಗ್ಯವಾಗಿ ಉಳಿದಿತ್ತು. ನಮ್ಮ ಹಗೇವು ಕೆಲಸ ಮಾಡುವುದು ಇದೇ ರೀತಿ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಒಳಗಿಳಿಸದೆ, ಕಂದೀಲು ಇಳಿಬಿಟ್ಟು ದೀಪ ಆರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ ಹಿರಿಯರಿಗೆ ಆ ಗಾಳಿಯ ಹೆಸರು ಗೊತ್ತಿರಲಿಲ್ಲ, ಗುಣ ಗೊತ್ತಿತ್ತು.

ರೆನಾಲ್ಡ್ಸ್ ಅವರ ಇನ್ನೊಂದು ಫಲಿತಾಂಶವೂ ಹಲವರನ್ನು ಬೆಚ್ಚಿಬೀಳಿಸಿತು. ಎಮ್ಮರ್ ಮತ್ತು ಸ್ಪೆಲ್ಟ್ ಗೋಧಿಗಳು ಹೆಕ್ಟೇರಿಗೆ ಸುಮಾರು 2 ಟನ್, ಎಂದರೆ ಎಕರೆಗೆ 8 ಕ್ವಿಂಟಲ್ ಆಸುಪಾಸು ಕೊಟ್ಟವು. ರೋಮನ್ನರ ಕಾಲಕ್ಕೆ ಬ್ರಿಟನ್ ಧಾನ್ಯ ರಫ್ತು ಮಾಡುವ ಪ್ರಾಂತ್ಯವಾಗಿತ್ತು, ಮುಂದೆ ರೋಮನ್ ಚಕ್ರವರ್ತಿಯಾದ ಜೂಲಿಯನ್, ಕ್ರಿ.ಶ. 359ರಲ್ಲಿ ರೈನ್ ನದಿಯ ಸೈನ್ಯಕ್ಕಾಗಿ ಇಲ್ಲಿಂದ ಹಡಗುಗಟ್ಟಲೆ ಧಾನ್ಯ ತರಿಸಿದ ಎಂಬುದನ್ನು ಓದಿದಾಗ ಉತ್ಪ್ರೇಕ್ಷೆ ಎನ್ನಿಸಿತ್ತು. ಈ ಲೆಕ್ಕ ತಿಳಿದ ಮೇಲೆ ಹಾಗೆನ್ನಿಸುವುದಿಲ್ಲ. ತೆರೆದಿರುವ ದಿನಗಳು ಋತುವಿನೊಂದಿಗೆ ಬದಲಾಗುವುದರಿಂದ ಹೋಗುವವರು ಮೊದಲೇ ವಿಚಾರಿಸುವುದು ಒಳ್ಳೆಯದು. ಗುಡ್ಡದ ಗಾಳಿ ಆಗಸ್ಟ್‌ನಲ್ಲೂ ಸ್ವೆಟರ್ ಬೇಡುತ್ತದೆ.

ಮಂಗಳವಾರ: ರೆಡಿಂಗ್, ಕಿಂಟ್‌ಬರಿ

ಬೆಳಿಗ್ಗೆ ರೆಡಿಂಗ್ ವಿಶ್ವವಿದ್ಯಾಲಯದ ಗ್ರಾಮೀಣ ಬದುಕಿನ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅದು 1951ರಲ್ಲಿ, ಟ್ರ್ಯಾಕ್ಟರ್ ಬಂದು ಕುದುರೆಗಳು ಹೊಲದಿಂದ ಮರೆಯಾಗುತ್ತಿದ್ದ ಕಾಲಕ್ಕೆ ಸ್ಥಾಪನೆಯಾದದ್ದು, ಪ್ರವೇಶ ಉಚಿತ. ಬಣ್ಣಬಣ್ಣದ ಹುಲ್ಲಿನ ಗಾಡಿಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನನ್ನ ಕಣ್ಣು ಒಕ್ಕಣೆಯ ಬಡಿಕೋಲಿನ ಮೇಲಿತ್ತು: ಉದ್ದನೆಯ ಹಿಡಿಕೆ, ಅದರ ತುದಿಗೆ ಚರ್ಮದ ಕುಣಿಕೆಯಿಂದ ಜೋಡಿಸಿದ ಗಿಡ್ಡ ತುಂಡು. ಚಳಿಗಾಲದಲ್ಲಿ ಹೊಲದ ಕೆಲಸ ನಿಂತ ಮೇಲೆ, ಕಣಜದ ಹಲಗೆ ನೆಲದ ಮೇಲೆ ತೆನೆ ಹರಡಿ ಇದರಿಂದ ಬಡಿಯುವುದೇ ಕೂಲಿಕಾರನ ಅನ್ನವಾಗಿತ್ತು. ಈ ಸರಳ ಸಂಗತಿ ತಿಳಿಯದೆ ಮಧ್ಯಾಹ್ನ ನಾವು ನೋಡಲಿದ್ದ ಊರಿನ ಕಥೆ ಅರ್ಥವಾಗದು.

ಕಿಂಟ್‌ಬರಿ ರೆಡಿಂಗ್‌ನಿಂದ ಪಶ್ಚಿಮಕ್ಕೆ, ಕೆನೆಟ್ ಕಣಿವೆಯಲ್ಲಿದೆ. ರೈಲು ನಿಲ್ದಾಣ ಕಾಲುವೆಯ ಮಗ್ಗುಲಲ್ಲೇ ಇರುವುದರಿಂದ ಕಾರು ಬಿಟ್ಟು ರೈಲಿನಲ್ಲಿ ಹೋದೆವು. ಇಳಿದ ಕ್ಷಣಕ್ಕೇ ಮಳೆ ಹಿಡಿದು, ಓಡಿಹೋಗಿ ಚರ್ಚಿನ ಮುಖಮಂಟಪದಲ್ಲಿ ನಿಂತೆವು. ಒಳಗೆ ಹೂ ಜೋಡಿಸುತ್ತಿದ್ದ ಅಜ್ಜಿಯೊಬ್ಬರು ನಾವು ಕೇಳುವ ಮೊದಲೇ, "ವಿಂಟರ್‌ಬೋರ್ನ್‌ನ ಸಮಾಧಿ ನೋಡೋಕೆ ಬಂದಿರಾ? ಮಳೆ ನಿಲ್ಲಲಿ, ತೋರಿಸ್ತೀನಿ" ಎಂದರು.

1830ರ ಆಗಸ್ಟ್‌ನಲ್ಲಿ ಕೆಂಟ್ ಪ್ರಾಂತ್ಯದಲ್ಲಿ ಕೂಲಿಕಾರರು ಮೊದಲ ಒಕ್ಕಣೆ ಯಂತ್ರವನ್ನು ಒಡೆದು ಹಾಕಿದರು. ಚಳಿ ಹತ್ತಿರವಾದಂತೆ ಗಲಭೆ ದಕ್ಷಿಣ ಇಂಗ್ಲೆಂಡನ್ನೆಲ್ಲ ವ್ಯಾಪಿಸಿತು. ಜಮೀನುದಾರರಿಗೆ "ಕ್ಯಾಪ್ಟನ್ ಸ್ವಿಂಗ್" ಎಂಬ ಕಲ್ಪಿತ ನಾಯಕನ ಹೆಸರಿನಲ್ಲಿ ಬೆದರಿಕೆ ಪತ್ರಗಳು ಬಂದವು. ನವೆಂಬರಿನಲ್ಲಿ ಕಿಂಟ್‌ಬರಿಯವರೂ ಎದ್ದರು. ಅವರು ಕೇಳಿದ್ದು ಬದುಕಲು ಸಾಲುವಷ್ಟು ಕೂಲಿ ಮತ್ತು ಚಳಿಗಾಲದ ಕೆಲಸವನ್ನು ಕಸಿದ ಯಂತ್ರಗಳನ್ನು ನಿಲ್ಲಿಸಬೇಕೆಂಬುದು. ದೇಶದಾದ್ಯಂತ 19 ಮಂದಿಯನ್ನು ಗಲ್ಲಿಗೇರಿಸಿ, ಸುಮಾರು 500 ಜನರನ್ನು ಆಸ್ಟ್ರೇಲಿಯಾದ ಕಡೆಗೆ ಗಡೀಪಾರು ಮಾಡಲಾಯಿತು. ಇಲ್ಲಿನ ವಿಲಿಯಂ ವಿಂಟರ್‌ಬೋರ್ನ್‌ನನ್ನು 1831ರ ಜನವರಿ 11ರಂದು ರೆಡಿಂಗ್ ಜೈಲಿನಲ್ಲಿ ನೇಣಿಗೆ ಹಾಕಿದರು. ಆ ವರ್ಷಗಳಲ್ಲಿ ಗೋಧಿಯ ಬೆಲೆ ಬೀಳದಂತೆ ಕಾಯಲು ಕಾನೂನಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1815ರ ಧಾನ್ಯ ಕಾಯಿದೆಯು ಸ್ವದೇಶಿ ಗೋಧಿ ಕ್ವಾರ್ಟರ್‌ಗೆ, ಅಂದರೆ ಎರಡು ಕ್ವಿಂಟಲ್‌ಗಿಂತ ತುಸು ಹೆಚ್ಚಿನ ಅಳತೆಗೆ, 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿಗೆ ಬಾಗಿಲು ಮುಚ್ಚಿತ್ತು. 1828ರಲ್ಲಿ ಆ ನಿಷೇಧ ಏರಿಳಿಯುವ ಸುಂಕವಾಗಿ ಸಡಿಲಾದರೂ ರಕ್ಷಣೆ ಹೋಗಿರಲಿಲ್ಲ. ಬೆಳೆದವನಿಗೆ ಕಾಯಿದೆಯ ರಕ್ಷಣೆ, ಬಡಿದವನಿಗೆ ನೇಣು. ಅಜ್ಜಿ ಕೊಡೆ ಹಿಡಿದು ಬಂದು ಕಲ್ಲು ತೋರಿಸಿ, ಅದರ ಮೇಲಿನ ಒದ್ದೆ ಎಲೆಗಳನ್ನು ಕಾಲಿನಿಂದ ಸರಿಸಿದರು. ಊರಿನವರಿಗೆ ಅವನು ಅಪರಾಧಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ಕಣಿವೆಗೆ ಇನ್ನೊಂದು ಯಂತ್ರದ ನಂಟೂ ಇದೆ. ಹಂಗರ್‌ಫರ್ಡ್‌ನ ದಕ್ಷಿಣಕ್ಕಿರುವ ಪ್ರಾಸ್ಪರಸ್ ಫಾರ್ಮ್‌ನಲ್ಲಿ ಜೆತ್ರೋ ಟಲ್ ಬೇಸಾಯ ಮಾಡಿದ. ವಕೀಲಿ ಓದಿದ್ದ ಅವನು 1701ರ ಸುಮಾರಿಗೆ ಸಾಲಿನಲ್ಲಿ ಬೀಜ ಉದುರಿಸುವ ಯಂತ್ರ ಮಾಡಿದ. ಆರ್ಗನ್ ವಾದ್ಯದ ಒಳರಚನೆ ಅದಕ್ಕೆ ಪ್ರೇರಣೆ. ಸಸ್ಯಗಳು ಮಣ್ಣಿನ ಸಣ್ಣ ಕಣಗಳನ್ನೇ ತಿನ್ನುತ್ತವೆ, ಆದ್ದರಿಂದ ಎಡೆ ಹೊಡೆದು ಮಣ್ಣನ್ನು ನುಣ್ಣಗೆ ಮಾಡಿದರೆ ಗೊಬ್ಬರ ಬೇಡ ಎಂದು ಅವನು ನಂಬಿದ್ದ. ಕಾರಣ ತಪ್ಪು, ಎಡೆ ಹೊಡೆಯುವ ಅಭ್ಯಾಸ ಸರಿ. ನಮ್ಮ ಕೂರಿಗೆಯ ಮುಂದೆ ಇದು ಯಾವ ಹೊಸತನ ಎಂದು ಓದುಗರು ಕೇಳಬಹುದು. 1790ರ ದಶಕದಲ್ಲಿ ಹಾಲ್ಕಾಟ್ ಎಂಬ ಬ್ರಿಟಿಷ್ ಕ್ಯಾಪ್ಟನ್ ಇದನ್ನೇ ಬರೆದಿದ್ದಾನೆ: ಕೂರಿಗೆ ಯುರೋಪಿನ ಹೊಸ ಉಪಕರಣವೆಂದು ನಂಬಿದ್ದ ಅವನು, ದಕ್ಷಿಣ ಭಾರತದ ಹೊಲವೊಂದರಲ್ಲಿ ರೈತರು ಅದರಿಂದ ಬಿತ್ತುತ್ತಿದ್ದುದನ್ನು ಕಂಡು, ಅದರ ವಿವರವನ್ನು ಇಂಗ್ಲೆಂಡಿನ ಕೃಷಿ ಮಂಡಳಿಗೆ ತಿಳಿಸಿದ.

ಬುಧವಾರ: ಲ್ಯಾಕ್ಸ್‌ಟನ್

ಹೆದ್ದಾರಿಯ ಬಗ್ಗೆ ಹೇಳಲು ಏನೂ ಇಲ್ಲ. ನಾಟಿಂಗ್‌ಹ್ಯಾಮ್‌ಶೈರ್‌ನ ಈ ಹಳ್ಳಿಗೆ ಮಧ್ಯಾಹ್ನ ತಲುಪಿದಾಗ ಮೊದಲು ಗಮನಕ್ಕೆ ಬಂದದ್ದು ರೈತರ ಮನೆಗಳೆಲ್ಲ ಬೀದಿಯುದ್ದಕ್ಕೆ ಒತ್ತೊತ್ತಾಗಿ ಇದ್ದುದು. ಇಂಗ್ಲೆಂಡಿನಲ್ಲಿ ತೋಟದ ಮನೆ ಸಾಮಾನ್ಯವಾಗಿ ತನ್ನ ಹೊಲದ ನಡುವೆ ಒಂಟಿಯಾಗಿರುತ್ತದೆ. ಇಲ್ಲಿ ಒಬ್ಬೊಬ್ಬ ರೈತನ ಭೂಮಿ ಪಟ್ಟೆ ಪಟ್ಟೆಯಾಗಿ ಮೂರು ದೊಡ್ಡ ಬಯಲುಗಳಲ್ಲಿ ಹಂಚಿಹೋಗಿರುವುದರಿಂದ ಊರಿನಲ್ಲಿ ಇರುವುದೇ ಅನುಕೂಲ.

ಆ ಬಯಲುಗಳ ಹೆಸರು ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. ಒಂದರಲ್ಲಿ ಚಳಿಗಾಲದ ಗೋಧಿ, ಇನ್ನೊಂದರಲ್ಲಿ ವಸಂತದ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಬೀಳಿನ ಜಾಗದಲ್ಲಿ ಈಗ ಮೇವು ಬೆಳೆಯುತ್ತಾರೆ. ಮಧ್ಯಯುಗದಲ್ಲಿ ಮಧ್ಯ ಇಂಗ್ಲೆಂಡಿನ ಹಳ್ಳಿಗಳೆಲ್ಲ ಬಹುಮಟ್ಟಿಗೆ ಹೀಗೆಯೇ ಬೆಳೆದವು. ಯಾವ ವರ್ಷ ಯಾವ ಬಯಲಿನಲ್ಲಿ ಏನು ಎಂಬುದನ್ನು ಒಬ್ಬ ರೈತ ತೀರ್ಮಾನಿಸುವಂತಿಲ್ಲ, ಊರು ತೀರ್ಮಾನಿಸಬೇಕು. ಮಾರ್ಕ್ ಪಿಯರ್ಸ್ 1635ರಲ್ಲಿ ಬರೆದ ನಕ್ಷೆಯಲ್ಲಿ ಲ್ಯಾಕ್ಸ್‌ಟನ್ನಿನ ಒಂದೊಂದು ಪಟ್ಟೆಯೂ ಗುರುತಾಗಿದೆ. ಅಂದು ಅವು ಸಾವಿರಗಟ್ಟಲೆ ಇದ್ದವು. 20ನೆಯ ಶತಮಾನದ ಆರಂಭದಲ್ಲಿ ಅವನ್ನು ಒಟ್ಟುಗೂಡಿಸಿ ದೊಡ್ಡದು ಮಾಡಿದರೂ ಪದ್ಧತಿ ತಪ್ಪಲಿಲ್ಲ.

ರಾತ್ರಿ ಮಳೆ ಸುರಿದಿತ್ತು. ಬಯಲಿನ ಅಂಚಿನ ದಾರಿಯಲ್ಲಿ ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕೆಂಗಂದು ಜೇಡಿಮಣ್ಣು ಬೂಟಿಗೆ ಮೆತ್ತಿ, ಪಾದ ಎರಡು ಪಟ್ಟಾಯಿತು. ಅಕ್ಕನ ಮಗನ ಹೊಸ ಶೂ ಒಂದು ಅಲ್ಲೇ ಕಚ್ಚಿಕೊಂಡು ಉಳಿಯಿತು, ಕಾಲುಚೀಲದಲ್ಲಿ ಒಂಟಿಗಾಲಲ್ಲಿ ನಿಂತು, "ಮಾಮಾ, ಹೊಲ ನೋಡಾಕ ಇಷ್ಟ ದೂರ ಬರಬೇಕಿತ್ತೇನ್ರಿ, ನಮ್ಮೂರಾಗ ಇರಲಿಲ್ಲೇನು?" ಎಂದ. ಹೋಗುವವರು ಮೊಣಕಾಲಿನ ರಬ್ಬರ್ ಬೂಟು ಒಯ್ಯಲಿ. ಆದರೆ ಆ ಕೆಸರಿನಿಂದಲೇ ಬಯಲಿನ ವಿಸ್ತಾರ ಮನಸ್ಸಿಗೆ ತಟ್ಟಿತು. ಕಣ್ಣು ಹಾಯಿಸಿದಷ್ಟು ದೂರ ಬೇಲಿಯಿಲ್ಲ. ಒಬ್ಬನ ಪಟ್ಟೆ ಮುಗಿದು ಇನ್ನೊಬ್ಬನದು ಶುರುವಾಗುವುದು ಬೆಳೆಯ ಬಣ್ಣದ ಸಣ್ಣ ವ್ಯತ್ಯಾಸದಿಂದ, ಸಾಲಿನ ದಿಕ್ಕಿನಿಂದ ಮಾತ್ರ ತಿಳಿಯುತ್ತದೆ. ತಗ್ಗಿನಲ್ಲಿ ಉಳಲು ಬಾರದ ಕಡೆ ಹುಲ್ಲಿನ ಓಣಿಗಳನ್ನು ಬಿಟ್ಟಿದ್ದಾರೆ. ಅವು ಯಾರೊಬ್ಬರ ಸ್ವತ್ತೂ ಅಲ್ಲ.

ಊರಿನ ಡವ್‌ಕೋಟ್ ಇನ್ ಎಂಬ ಪಬ್‌ನಲ್ಲಿ ಊಟಕ್ಕೆ ಕುಳಿತೆವು. ಬ್ರೆಡ್ಡು, ಚೀಸು, ಉಪ್ಪಿನಕಾಯಿಯ ತಟ್ಟೆಗೆ ಉಳುವವನ ಊಟ ಎಂಬ ಗೌರವದ ಹೆಸರಿದೆಯಾದರೂ, ಅದು ಜನಪ್ರಿಯವಾದದ್ದು 1950–60ರ ದಶಕಗಳಲ್ಲಿ ಚೀಸ್ ಮಾರುವವರ ಪ್ರಚಾರದಿಂದ. ನಿಜವಾಗಿ ಉಳುವವರೊಬ್ಬರು ಪಕ್ಕದ ಮೇಜಿನಲ್ಲಿ ಆಲೂಗಡ್ಡೆ ಚಿಪ್ಸ್ ತಿನ್ನುತ್ತಿದ್ದರು. ಊರಿನ ನ್ಯಾಯಮಂಡಳಿಯಲ್ಲಿ ಕೆಲವು ಸಲ ಕುಳಿತವರು. ಪ್ರತಿವರ್ಷ ನವೆಂಬರ್ ಕೊನೆಯಲ್ಲಿ ಈ ಮಂಡಳಿಯವರು ಗೋಧಿ ಬಿತ್ತಿದ ಬಯಲನ್ನು ಸುತ್ತಿ, ಗೂಟ ಹೊಡೆದು ಎಲ್ಲೆ ಗುರುತಿಸಿ, ಓಣಿಗೋ ದಾರಿಗೋ ನೇಗಿಲು ನುಗ್ಗಿಸಿದವರನ್ನು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಕೋರ್ಟ್ ಲೀಟ್ ಎಂಬ ಗ್ರಾಮ ನ್ಯಾಯಾಲಯ ಇದೇ ಪಬ್‌ನಲ್ಲಿ ಸೇರಿ ದಂಡ ಹಾಕುತ್ತದೆ. "ದಂಡ ಕಟ್ಟಿಬಿಡಬಹುದು. ಆಮೇಲೆ ವರ್ಷಪೂರ್ತಿ ಇದೇ ಬಾಗಿಲಲ್ಲಿ ಒಳಗೆ ಬರೋದು ಕಷ್ಟ" ಎಂದು ಅವರು ನಕ್ಕರು.

ಬೇರೆಲ್ಲ ಕಡೆ ಅಳಿದದ್ದು ಇಲ್ಲಿ ಏಕೆ ಉಳಿಯಿತು ಎಂದು ಕೇಳಿದೆ. ಪರಂಪರೆ, ಒಗ್ಗಟ್ಟು ಎಂಬ ಉತ್ತರ ಬರಬಹುದೆಂದು ಕಾದಿದ್ದೆ. "ಜಗಳ" ಎಂದರು ಅವರು. ಇಲ್ಲಿನ ಭೂಮಿ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೋ ಎಂಬ ಇಬ್ಬರು ದೊಡ್ಡ ಒಡೆಯರ ನಡುವೆ ಹಂಚಿತ್ತು. ಬೇಲಿ ಹಾಕಿ ಹಂಚಿಕೊಳ್ಳುವ ಒಪ್ಪಂದ ಅವರ ನಡುವೆ ಪೂರ್ತಿಯಾಗಿ ಕುದುರಲೇ ಇಲ್ಲ. ಅಷ್ಟರಲ್ಲಿ ಗೋಧಿಯ ಬೆಲೆ ಕುಸಿದು, ಬೇಲಿಯ ಖರ್ಚು ಮಾಡುವ ಆಸೆಯೂ ಹೋಯಿತು. 1952ರಲ್ಲಿ ಕೃಷಿ ಸಚಿವಾಲಯ ಊರನ್ನು ಕೊಂಡಿತು, ಮುಂದೆ ಅದು ರಾಜಪದವಿಗೆ ಸೇರಿದ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಸೇರಿ, 2020ರಲ್ಲಿ ಹಳೆಯ ಮ್ಯಾನ್ವರ್ಸ್ ಮನೆತನದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಕೃಷಿಯ ಚರಿತ್ರೆಯಲ್ಲಿ ಸದ್ಗುಣಗಳಿಗೆ ಸಲ್ಲುವ ಶ್ರೇಯದಲ್ಲಿ ಅರ್ಧವನ್ನು ಇಂಥ ವ್ಯಾಜ್ಯಗಳಿಗೆ ಕೊಡಬೇಕು ಎಂದು ನನಗೆ ಅಲ್ಲಿಂದಾಚೆಗೆ ಅನ್ನಿಸುತ್ತಿದೆ.

ಗುರುವಾರ: ಹೆಕಿಂಗ್ಟನ್ ಕಡೆಗೆ

ಲಿಂಕನ್‌ಶೈರ್‌ನ ಕಿರಿದಾದ ದಾರಿಯೊಂದರಲ್ಲಿ ಎದುರಿನಿಂದ ಕಂಬೈನ್ ಹಾರ್ವೆಸ್ಟರ್ ಬಂತು. ದಾರಿಯ ಎರಡೂ ಬದಿಯ ಪೊದೆಗಳನ್ನು ತರಚುತ್ತ ಬರುತ್ತಿದ್ದ ಅದಕ್ಕೆ ಹಿಂದೆ ಸರಿಯುವ ಮಾತೇ ಇರಲಿಲ್ಲ. ಅಕ್ಕನ ಮಗ ಬೆವರುತ್ತ ಅರ್ಧ ಕಿಲೋಮೀಟರ್ ಹಿಂದಕ್ಕೆ ಓಡಿಸಿ, ಹೊಲದ ಗೇಟಿನ ಬಾಯಲ್ಲಿ ಕಾರು ತುರುಕಿದ. ಅದೇ ಗೇಟಿಗೆ ಬರಬೇಕಾಗಿದ್ದ ಯಂತ್ರವದು! ಹೊಲದ ಯಜಮಾನ ಕಾರು ಎತ್ತ ಸರಿಸಬೇಕೆಂದು ಕೈಸನ್ನೆ ಮಾಡಿ, ನಾವು ಬಂದ ಕಾರಣ ಕೇಳಿ, ಬೇಲಿಗೊರಗಿ ಮಾತಿಗೆ ನಿಂತರು. ಆತುರದಲ್ಲಿದ್ದರೂ ಗೋಧಿಯ ಬಗ್ಗೆ ಕೇಳುವವರು ಸಿಕ್ಕಿದ್ದು ಅವರಿಗೆ ಖುಷಿ ಕೊಟ್ಟಂತಿತ್ತು.

ಜೇಬಿನಿಂದ ಒಂದು ಹಿಡಿ ಕಾಳು ತೆಗೆದು ತೋರಿಸಿದರು. ದುಂಡನೆಯ, ತಿಳಿ ಕಂದು ಕಾಳು. ಒಂದನ್ನು ಹಲ್ಲಿನಲ್ಲಿ ಕಡಿದು ಸದ್ದು ಕೇಳಿಸಿದರು. ಬ್ರೆಡ್ಡಿನ ಗಿರಣಿಯವರು ಒಪ್ಪಬೇಕಾದರೆ 13 ಶೇಕಡ ಪ್ರೋಟೀನ್ ಇರಬೇಕು, ಹೆಕ್ಟೋಲೀಟರಿಗೆ 76 ಕಿಲೋ ತೂಗಬೇಕು, ಹ್ಯಾಗ್‌ಬರ್ಗ್ ಪರೀಕ್ಷೆಯಲ್ಲಿ 250 ದಾಟಬೇಕು. ಈ ಕೊನೆಯದೇ ನಿದ್ದೆಗೆಡಿಸುವುದು. ಹಣ್ಣಾದ ತೆನೆಗೆ ಮಳೆ ಬಿದ್ದರೆ ಕಾಳು ತೆನೆಯಲ್ಲೇ ಮೊಳೆಯಲು ಹವಣಿಸಿ, ಒಳಗಿನ ಪಿಷ್ಟ ಒಡೆಯತೊಡಗುತ್ತದೆ. ಆ ಹಿಟ್ಟಿನ ಬ್ರೆಡ್ಡು ಅಂಟಂಟಾಗುತ್ತದೆ. "ಇವತ್ತು ಕೊಯ್ದರೆ ಬ್ರೆಡ್ಡು. ನಾಳೆ ಮಳೆ ಅಂತಾರೆ, ಬಿದ್ದರೆ ಹಂದಿ ಮೇವು" ಎಂದರು. ಹೊಲ ಅದೇ, ಗೊಬ್ಬರದ ಸಾಲ ಅದೇ. ಬ್ರಿಟನ್ನಿನ ಗೋಧಿಯ ದೊಡ್ಡ ಪಾಲು ಇಂದು ಹಂದಿ ಕೋಳಿಗಳ ಮೇವಿಗೇ ಹೋಗುತ್ತದೆ. ಆ ಹೊಲ ಅವರ ಅಜ್ಜನ ಕಾಲದಲ್ಲಿ ಹುಲ್ಲುಗಾವಲಾಗಿತ್ತಂತೆ. ಎರಡನೆಯ ಮಹಾಯುದ್ಧದಲ್ಲಿ ಜಿಲ್ಲಾ ಕೃಷಿ ಸಮಿತಿಯವರು ಬಂದು, ಉತ್ತು ಗೋಧಿ ಬಿತ್ತಲೇಬೇಕೆಂದು ಆದೇಶ ಕೊಟ್ಟರು. ಆದೇಶ ಮೀರಿದವರ ಭೂಮಿಯನ್ನು ವಶಪಡಿಸಿಕೊಳ್ಳುವ ಅಧಿಕಾರ ಆ ಸಮಿತಿಗಳಿಗಿತ್ತು. ಅಷ್ಟೆಲ್ಲ ಮಾಡಿ ಯುದ್ಧದುದ್ದಕ್ಕೂ ಬ್ರೆಡ್ಡಿಗೆ ಪಡಿತರ ಹಾಕದ ಸರ್ಕಾರ, ಯುದ್ಧ ಗೆದ್ದ ಮೇಲೆ 1946ರ ಜುಲೈನಿಂದ 1948ರ ಜುಲೈವರೆಗೆ ಹಾಕಬೇಕಾಯಿತು.

ಹೆಕಿಂಗ್ಟನ್ನಿನ ಗಾಳಿಗಿರಣಿಗೆ ಎಂಟು ರೆಕ್ಕೆಗಳಿವೆ; ಅಂಥದ್ದು ಬ್ರಿಟನ್ನಿನಲ್ಲಿ ಇದೊಂದೇ ಉಳಿದಿದೆ. 1830ರಲ್ಲಿ ಕಟ್ಟಿದಾಗ ಐದು ರೆಕ್ಕೆಗಳಿದ್ದವು. ಬಿರುಗಾಳಿಗೆ ಅವು ಹಾಳಾದಾಗ ಜಾನ್ ಪಾಕ್ಲಿಂಗ್ಟನ್ ಎಂಬುವನು ಬಾಸ್ಟನ್ ಪಟ್ಟಣದ ಗಿರಣಿಯೊಂದರ ಎಂಟು ರೆಕ್ಕೆಗಳನ್ನು ತಂದು 1892ರಲ್ಲಿ ಕೂರಿಸಿದ. ಆ ಹೊತ್ತಿಗೆ ಇಂಗ್ಲಿಷ್ ಗೋಧಿಯ ಕಾಲ ಮುಗಿಯುತ್ತ ಬಂದಿತ್ತು ಎಂಬುದರಿಂದ ಅವನ ಧೈರ್ಯವನ್ನು ಮೆಚ್ಚಬೇಕು. ಪ್ರಧಾನಿ ರಾಬರ್ಟ್ ಪೀಲ್ 1846ರಲ್ಲಿ ಧಾನ್ಯ ಕಾಯಿದೆಗಳನ್ನು ರದ್ದು ಮಾಡಿದರೂ ಮೊದಲ ಕಾಲು ಶತಮಾನ ಇಲ್ಲಿನ ರೈತನಿಗೆ ಹೆಚ್ಚಿನ ಪೆಟ್ಟು ಬೀಳಲಿಲ್ಲ. 1870ರ ದಶಕದಲ್ಲಿ ಅಮೆರಿಕದ ಹುಲ್ಲುಗಾವಲುಗಳಿಗೆ ರೈಲು ತಲುಪಿ, ಸಾಗರಕ್ಕೆ ಹಬೆ ಹಡಗು ಇಳಿದ ಮೇಲೆ ಎಲ್ಲವೂ ತಲೆಕೆಳಗಾಯಿತು. ದಶಕದ ನಡುವೆ 50 ಶಿಲ್ಲಿಂಗಿಗೂ ಮೇಲೇರಿದ್ದ ಕ್ವಾರ್ಟರ್ ಗೋಧಿ 1894ರಲ್ಲಿ 23 ಶಿಲ್ಲಿಂಗಿಗೂ ಕೆಳಗಿಳಿಯಿತು. ಹೊರಗಿನ ಗೋಧಿಯನ್ನು ಬಂದರುಗಳಲ್ಲೇ ಉಕ್ಕಿನ ರೋಲರ್ ಗಿರಣಿಗಳು ಬೀಸತೊಡಗಿದಾಗ ಹಳ್ಳಿಯ ಕಲ್ಲುಗಳಿಗೆ ಕೆಲಸ ತಪ್ಪಿತು.

ಹಾಗೆ ಬಂದ ಗೋಧಿಯಲ್ಲಿ ಭಾರತದ್ದೂ ಇತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, 1873ರಲ್ಲಿ ಗೋಧಿಯ ಮೇಲಿನ ರಫ್ತು ಸುಂಕ ಹೋದ ಬಳಿಕ ಉತ್ತರ ಭಾರತದ ಗೋಧಿ ಲಂಡನ್ನಿಗೂ ಲಿವರ್‌ಪೂಲಿಗೂ ಹರಿಯಿತು. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, 1876–78ರಲ್ಲಿ, ಆ ಹರಿವು ನಿಲ್ಲಲಿಲ್ಲ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ ಸುಮಾರು 50 ಲಕ್ಷವಿದ್ದ ಜನ 1881ರಲ್ಲಿ 42 ಲಕ್ಷದಷ್ಟಾಗಿದ್ದರು. ಇಂಗ್ಲೆಂಡಿನ ಕೃಷಿ ಕುಸಿತದ ಚರಿತ್ರೆಯನ್ನು ಇಂಗ್ಲಿಷ್ ರೈತನ ದುಃಖವಾಗಿ ಮಾತ್ರ ಹೇಳುವ ಫಲಕಗಳನ್ನು ಓದುವಾಗ ಈ ಅಂಕಿಗಳು ನನಗೆ ನೆನಪಾಗದೆ ಇರಲಿಲ್ಲ.

ಗಿರಣಿಯ ಒಳಗಿನ ಏಣಿಗಳು ಕಡಿದಾಗಿವೆ. ಮೊಣಕಾಲು ನೋವಿನವರು ಕೆಳಗಿನ ಅಂಗಡಿಯಲ್ಲೇ ಕುಳಿತರೆ ಒಳಿತು. ಅಲ್ಲಿ ಕೊಂಡ ಕಲ್ಲಿನ ಗಿರಣಿಯ ಹಿಟ್ಟಿನಿಂದ ಆ ರಾತ್ರಿ ಬಾಡಿಗೆ ಮನೆಯ ಒಲೆಯ ಮೇಲೆ ಚಪಾತಿ ಮಾಡಲು ನೋಡಿದೆವು. ಹಿಟ್ಟಿನ ಪರಿಮಳ ಹಿತವಾಗಿತ್ತು. ಆದರೆ ತವೆಗೆ ಹಾಕುವ ಮುನ್ನವೇ ಅಂಚು ಬಿರಿದು, ಉಬ್ಬದೆ ದಪ್ಪ ರೊಟ್ಟಿಯಾಗಿ ಬೆಂದಿತು. ಬದನೆಕಾಯಿ ಪಲ್ಯದೊಂದಿಗೆ ಚೆನ್ನಾಗಿಯೇ ಹೋಯಿತು.

ಶುಕ್ರವಾರ: ಹಾರ್ಪೆಂಡನ್

ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಬ್ರಾಡ್‌ಬಾಕ್ ಹೊಲಕ್ಕೆ ಯಾರು ಬೇಕಾದರೂ ನುಗ್ಗುವಂತಿಲ್ಲ. ಮುಂಚಿತವಾಗಿ ಬರೆದು ಅನುಮತಿ ಪಡೆಯಬೇಕು. ಎಸ್ಟೇಟಿನ ಉಳಿದ ಭಾಗದಲ್ಲಿ ಸಾರ್ವಜನಿಕ ಕಾಲುದಾರಿಗಳಿವೆ. ಸಂಶೋಧಕರೊಬ್ಬರು ನಮ್ಮನ್ನು ಹೊಲದ ಅಂಚಿಗೆ ಕರೆದೊಯ್ದು, ಹೆಚ್ಚು ಮಾತಾಡದೆ ಎರಡು ಪಟ್ಟೆಗಳ ನಡುವೆ ನಿಲ್ಲಿಸಿದರು. ಒಂದು ಕಡೆ ಸೊಂಟಕ್ಕೆ ಬರುವ, ಒತ್ತಾದ, ತೆನೆ ಬಾಗಿದ ಗೋಧಿ. ಒಂದು ಹೆಜ್ಜೆ ಆಚೆ, ನೆಲ ಕಾಣುವಷ್ಟು ವಿರಳವಾದ, ಬಡಕಲು ಕಡ್ಡಿಗಳ ಬೆಳೆ. ತಳಿ ಒಂದೇ, ಬಿತ್ತಿದ ದಿನವೂ ಒಂದೇ. ಎರಡನೆಯದಕ್ಕೆ 1843ರಿಂದ ಒಂದು ಹಿಡಿ ಗೊಬ್ಬರವನ್ನೂ ಹಾಕಿಲ್ಲ.

ಜಾನ್ ಬೆನೆಟ್ ಲಾಸ್ ಈ ಎಸ್ಟೇಟಿನ ಒಡೆಯ. ಎಲುಬು, ರಂಜಕದ ಕಲ್ಲುಗಳನ್ನು ಗಂಧಕಾಮ್ಲದಲ್ಲಿ ಕರಗಿಸಿ ಸೂಪರ್‌ಫಾಸ್ಫೇಟ್ ಮಾಡುವ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದವನು. ಗೊಬ್ಬರ ಮಾರುವವನಿಗೆ ಗೊಬ್ಬರದ ಪ್ರಯೋಗದಲ್ಲಿ ಆಸಕ್ತಿ ಇರುವುದು ಸಹಜ. ರಸಾಯನ ವಿಜ್ಞಾನಿ ಜೋಸೆಫ್ ಹೆನ್ರಿ ಗಿಲ್ಬರ್ಟ್‌ನನ್ನು ಜೊತೆ ಮಾಡಿಕೊಂಡು ಅವನು 1843ರ ಶರತ್ಕಾಲದಲ್ಲಿ ಇಲ್ಲಿ ಗೋಧಿ ಬಿತ್ತಿದ. ಒಂದು ಪಟ್ಟೆಗೆ ಬರೇ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಖನಿಜಗಳು, ಉಳಿದವಕ್ಕೆ ಸಾರಜನಕದ ಬೇರೆ ಬೇರೆ ಪ್ರಮಾಣ. ಸಸ್ಯಗಳಿಗೆ ಬೇಕಾದ ಸಾರಜನಕ ವಾತಾವರಣದಿಂದಲೇ ದೊರೆಯುತ್ತದೆ ಎಂದು ವಾದಿಸಿದ್ದ ಜರ್ಮನಿಯ ಪ್ರಖ್ಯಾತ ರಸಾಯನ ವಿಜ್ಞಾನಿ ಲೀಬಿಗ್‌ಗೆ ಈ ಹೊಲವೇ ಉತ್ತರ ಕೊಟ್ಟಿತು: ಗೋಧಿಗೆ ಅದನ್ನು ಮಣ್ಣಿಗೆ ಸೇರಿಸಿಯೇ ಕೊಡಬೇಕು. ಗಿಲ್ಬರ್ಟ್ ಲೀಬಿಗ್‌ನ ಶಿಷ್ಯನಾಗಿದ್ದ ಎಂಬುದು ಇದಕ್ಕೊಂದು ಉಪ್ಪುಖಾರ. ಅಂದಿನಿಂದ ಈ ಹೊಲದ ಒಂದಲ್ಲ ಒಂದು ಭಾಗದಲ್ಲಿ ಗೋಧಿ ಬೆಳೆಯದ ವರ್ಷವಿಲ್ಲ.

ಗೊಬ್ಬರ ಕಾಣದ ಪಟ್ಟೆ ಹೆಕ್ಟೇರಿಗೆ ಸುಮಾರು 1 ಟನ್, ಎಕರೆಗೆ 4 ಕ್ವಿಂಟಲ್, ಕೊಡುತ್ತಲೇ ಇದೆ. ಪೂರ್ತಿ ಪೋಷಣೆ ಮತ್ತು ಬೆಳೆ ಸರದಿ ಇರುವಲ್ಲಿ ಒಳ್ಳೆಯ ವರ್ಷ ಅದರ ಹತ್ತು ಪಟ್ಟು ಬರುತ್ತದೆ. ಗೊಬ್ಬರವಿಲ್ಲದ ಭೂಮಿ ಕೆಲವೇ ವರ್ಷಗಳಲ್ಲಿ ಬಂಜೆಯಾಗುತ್ತದೆ ಎನ್ನುವವರಿಗೂ, ಗೊಬ್ಬರ ನಿಲ್ಲಿಸಿದರೆ ಮಣ್ಣು ತಾನಾಗಿ ಚೇತರಿಸಿಕೊಂಡು ಹಿಂದಿನಷ್ಟೇ ಕೊಡುತ್ತದೆ ಎನ್ನುವವರಿಗೂ ಈ ಪಟ್ಟೆ ಅನುಕೂಲಕರ ಸಾಕ್ಷಿಯಲ್ಲ. 1919ರಲ್ಲಿ ಇಲ್ಲಿಗೆ ಬಂದ ರೊನಾಲ್ಡ್ ಫಿಶರ್ ಈ ಹೊಲದ ದಶಕಗಳ ಲೆಕ್ಕಪುಸ್ತಕಗಳನ್ನು ಬಿಡಿಸುತ್ತ ಆಧುನಿಕ ಸಂಖ್ಯಾಶಾಸ್ತ್ರದ ದೊಡ್ಡ ಭಾಗವನ್ನೇ ಕಟ್ಟಿದರು.

ಅಲ್ಲಿಂದ ಮಾದರಿಗಳ ಭಂಡಾರಕ್ಕೆ ಹೋದೆವು. ಕಪಾಟಿನ ಮೇಲೆ ಕಪಾಟು, ಬಾಟಲಿಗಳಲ್ಲಿ ಕಾಳು, ಹುಲ್ಲು, ಮಣ್ಣು. ಸುಮಾರು 3 ಲಕ್ಷ ಮಾದರಿಗಳು, ಮೊದಲ ವರ್ಷಗಳಿಂದ ಹಿಡಿದು. ನಮಗೆ ಎರಡು ಬಾಟಲಿ ಕೆಳಗಿಳಿಸಿ ತೋರಿಸಿದರು. 19ನೆಯ ಶತಮಾನದ ಕಾಳು ಕೃಶವಾಗಿ, ಗಾಢ ಬಣ್ಣಕ್ಕಿತ್ತು. ಈಚಿನದು ತುಂಬಿಕೊಂಡು ಹೊಳೆಯುತ್ತಿತ್ತು. ಈ ಬಾಟಲಿಗಳ ಕಾಳನ್ನು ವಿಶ್ಲೇಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1960ರ ದಶಕದ ಕೊನೆಗೆ ಗಿಡ್ಡ ತಳಿಗಳು ಬಂದಂದಿನಿಂದ ಕಾಳಿನಲ್ಲಿ ಸತು, ಕಬ್ಬಿಣ, ತಾಮ್ರ, ಮೆಗ್ನೀಸಿಯಂ ಇಳಿದಿರುವುದನ್ನು ಕಂಡಿತು. ಮಣ್ಣಿನಲ್ಲಿ ಅವು ಕಡಿಮೆಯಾಗಿರಲಿಲ್ಲ. ಆ ಗಿಡ್ಡತನದ ವಂಶವಾಹಿಗಳು ಜಪಾನಿನ ನೊರಿನ್ 10 ತಳಿಯಿಂದ ಬಂದವು. ಭಾರತದ ಹಸಿರು ಕ್ರಾಂತಿಯ ಗೋಧಿಯಲ್ಲಿರುವುದೂ ಅವೇ.

ಹೊಲದ ಒಂದು ತುದಿಯಲ್ಲಿ ಪುಟ್ಟ ಕಾಡಿದೆ. 1882ರಲ್ಲಿ ಅರ್ಧ ಎಕರೆ ಗೋಧಿಯನ್ನು ಕೊಯ್ಯದೆ ಹಾಗೆಯೇ ಬಿಟ್ಟು, ಅದು ಕಳೆಯೊಂದಿಗೆ ಹೋರಾಡಿ ಎಷ್ಟು ಕಾಲ ನಿಂತೀತು ಎಂದು ನೋಡಿದರು. ನಾಲ್ಕೇ ವರ್ಷಗಳಲ್ಲಿ ಗುರುತೇ ಸಿಗದಷ್ಟು ಕುಗ್ಗಿದ ಕೆಲವು ಗಿಡಗಳು ಉಳಿದವು, ಆಮೇಲೆ ಅವೂ ಹೋದವು. ಸಾವಿರಾರು ವರ್ಷ ಈ ನಾಡನ್ನು ಆಳಿದ ಬೆಳೆಗೆ ಮನುಷ್ಯನಿಲ್ಲದೆ ಬದುಕಲು ಸಾಧ್ಯವಾದದ್ದು ಅಷ್ಟು ದಿನ ಮಾತ್ರ. ಲ್ಯಾಕ್ಸ್‌ಟನ್ನಿನ ನ್ಯಾಯಮಂಡಳಿ, ಇಲ್ಲಿನ ಲೆಕ್ಕಪುಸ್ತಕ, ಬಟ್ಸರ್‌ನ ಹಟ, ಇವುಗಳಲ್ಲಿ ಯಾವುದೊಂದು ನಿಂತಿದ್ದರೂ ನಾವು ನೋಡಿದ ಹೊಲಗಳ ಗತಿಯೂ ಇದೇ ಆಗುತ್ತಿತ್ತು.

ರೆಡಿಂಗ್‌ಗೆ ಮರಳುವಾಗ ಲಂಡನ್ ಸುತ್ತುವ ಎಂ25 ಹೆದ್ದಾರಿಯಲ್ಲಿ ಶುಕ್ರವಾರ ಸಂಜೆಯ ದಟ್ಟಣೆ. ಅದನ್ನು ತಪ್ಪಿಸಲು ಮಧ್ಯಾಹ್ನ ಎರಡಕ್ಕೆ ಮುನ್ನವೇ ಹೊರಡಬೇಕು. ವಾಹನಗಳೆಲ್ಲ ನಿಂತೇಬಿಟ್ಟಾಗ ಮುಂದಿನ ಫಲಕದಲ್ಲಿ ಚೋರ್ಲಿವುಡ್ ಎಂಬ ಹೆಸರು ಕಂಡಿತು. 1961ರಲ್ಲಿ ಅಲ್ಲಿನ ಪ್ರಯೋಗಾಲಯವೊಂದು, ಹಿಟ್ಟನ್ನು ಕೆಲವೇ ನಿಮಿಷ ಅತಿ ವೇಗದಲ್ಲಿ ನಾದಿ, ಗಂಟೆಗಟ್ಟಲೆ ಹುದುಗಿಸದೆ ಬ್ರೆಡ್ಡು ಮಾಡುವ ವಿಧಾನವನ್ನು ಕಂಡುಹಿಡಿಯಿತು. ಕೆನಡಾದ ಗಟ್ಟಿ ಗೋಧಿಯನ್ನು ಕಾಯುತ್ತಿದ್ದ ಬೇಕರಿಗಳು ಬ್ರಿಟನ್ನಿನ ಮೆದು ಗೋಧಿಯನ್ನು ಹೆಚ್ಚಾಗಿ ಬಳಸಲು ಶುರುಮಾಡಿದ್ದು ಆಮೇಲೆ. ಇಳಿದು ನೋಡೋಣವೇ ಎಂದು ಅಕ್ಕನ ಮಗ ಕೇಳಿದ. ಪ್ರಯೋಗಾಲಯ ಎಂದೋ ಬೇರೆಡೆಗೆ ಹೋಗಿದೆ, ನೋಡುವಂಥದ್ದೇನೂ ಇಲ್ಲ ಎಂದೆ. ಅವನು ಪೆಟ್ರೋಲ್ ಬಂಕಿನಲ್ಲಿ ಕೊಂಡಿದ್ದ ಸ್ಯಾಂಡ್‌ವಿಚ್ ಬಿಚ್ಚಿ, ಬಿಳಿ ಬ್ರೆಡ್ಡನ್ನು ಎರಡು ಬೆರಳಿನಿಂದ ಒತ್ತಿ ನೋಡಿ, "ಇಷ್ಟೆಲ್ಲ ಮಾಡಿ ಇದಕ್ಕ ರುಚೀನ ಇಲ್ಲಲ್ರಿ ಮಾಮಾ" ಎಂದು, ಹಿಂದಿನ ಸೀಟಿನ ಚೀಲದಲ್ಲಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಗೆ ಕೈ ಹಾಕಿದ.